ಸೂರ್ಯನನ್ನು ಕಲ್ಲು ಎಂದವರ ಊರಲ್ಲಿ

ಎಲ್ಲರಿಗೂ ನಮಸ್ಕಾರ.

ಹಳೆಯ ಗ್ರೀಸ್‌ನಲ್ಲಿ ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ತಿಕ್ಕಾಟ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಒಂದು ದೃಶ್ಯ ಬಂದುಬಿಡುತ್ತದೆ. ಒಂದು ಕಡೆ ಸತ್ಯ ಹೇಳುವ ಜ್ಞಾನಿ. ಇನ್ನೊಂದು ಕಡೆ ಸಿಟ್ಟಾದ ಪೂಜಾರಿ. ನಡುವೆ ವಿಷದ ಬಟ್ಟಲು. ಈ ದೃಶ್ಯ ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ಹಿಡಿದುಕೊಂಡು ಕೂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ಗ್ರಹಣ ಯಾಕೆ ಆಗುತ್ತದೆ ಅಂತ ಅಥೆನ್ಸ್‌ನಲ್ಲಿ ಕೆಲವರಿಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಆ ತಿಳಿವಳಿಕೆ ಊರಿನ ಕಷ್ಟಕಾಲಕ್ಕೆ ಒದಗಲಿಲ್ಲ. ಯಾಕೆ ಒದಗಲಿಲ್ಲ ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಇಡಬೇಕು ಅಂತ ಬಂದಿದ್ದೇನೆ.

ಒಂದು ಟಗರಿನ ತಲೆಯಿಂದ ಶುರು ಮಾಡೋಣ.

ಕ್ರಿ.ಪೂ. 5ನೇ ಶತಮಾನದ ನಡುಭಾಗ. ಅಥೆನ್ಸ್‌ನ ನಾಯಕ ಪೆರಿಕ್ಲೀಸ್‌ಗೆ ಅವನ ಹಳ್ಳಿಯ ಜಮೀನಿನಿಂದ ಒಂದು ಟಗರಿನ ತಲೆ ಬಂತು. ಅದಕ್ಕೆ ಒಂದೇ ಕೊಂಬು. ಹಣೆಯ ಮಧ್ಯದಿಂದ ಗಟ್ಟಿಯಾಗಿ ಬೆಳೆದಿತ್ತು. ಶಕುನ ಹೇಳುವ ಲಾಂಪನ್ ಅಲ್ಲೇ ಇದ್ದ. ಊರಲ್ಲಿ ಆಗ ಎರಡು ಪಕ್ಷಗಳು, ಒಂದು ಪೆರಿಕ್ಲೀಸ್‌ನದು, ಇನ್ನೊಂದು ಥುಸಿಡಿಡೀಸ್‌ನದು. ಈ ತಲೆ ಯಾರ ಜಮೀನಿನಲ್ಲಿ ಸಿಕ್ಕಿತೋ ಅಧಿಕಾರವೆಲ್ಲ ಅವನೊಬ್ಬನ ಕೈಗೆ ಬರುತ್ತದೆ ಅಂತ ಲಾಂಪನ್ ಹೇಳಿದ. ಈ ಥುಸಿಡಿಡೀಸ್ ರಾಜಕಾರಣಿ. ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್ ಬೇರೆ, ಅವನು ಆಮೇಲೆ ಬರುತ್ತಾನೆ.

ಅಲ್ಲಿ ಇನ್ನೊಬ್ಬನೂ ಇದ್ದ. ಪೆರಿಕ್ಲೀಸ್‌ನ ಗೆಳೆಯ, ಗುರು, ಅನಾಕ್ಸಾಗೊರಸ್. ಅವನು ಶಕುನದ ಮಾತಿಗೆ ವಾದ ಮಾಡಲು ಹೋಗಲಿಲ್ಲ. ಬುರುಡೆಯನ್ನು ಸೀಳಿ ತೋರಿಸಿದ. ಒಳಗೆ ಮಿದುಳು ತನ್ನ ಜಾಗವನ್ನು ಪೂರ್ತಿ ತುಂಬಿರಲಿಲ್ಲ. ಮೊಟ್ಟೆಯ ಹಾಗೆ ಚೂಪಾಗಿ, ಕೊಂಬಿನ ಬೇರು ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಸರಿದಿತ್ತು. ನೋಡಿದ ಜನ ಅನಾಕ್ಸಾಗೊರಸ್‌ನನ್ನು ಕೊಂಡಾಡಿದರು. ಸ್ವಲ್ಪ ಕಾಲ ಕಳೆದು ಥುಸಿಡಿಡೀಸ್‌ನನ್ನು ಊರು ಗಡೀಪಾರು ಮಾಡಿತು, ಪೆರಿಕ್ಲೀಸ್ ಒಬ್ಬನೇ ನಾಯಕನಾದ. ಆಗ ಅದೇ ಜನ ಲಾಂಪನ್‌ನನ್ನು ಕೊಂಡಾಡಿದರು.

ಈ ಕಥೆ ಹೇಳಿದವನು ಪ್ಲುಟಾರ್ಕ್. ಘಟನೆ ನಡೆದು ಐನೂರು ವರ್ಷಕ್ಕೂ ಜಾಸ್ತಿ ಆದಮೇಲೆ ಬರೆದವನು. ಪ್ರತಿಯೊಂದು ವಿವರವೂ ಹೀಗೇ ನಡೆಯಿತು ಅಂತ ಆಣೆ ಇಡಲು ಬರುವುದಿಲ್ಲ. ಆದರೆ ಕಥೆ ಮುಗಿಸಿ ಅವನು ಸೇರಿಸುವ ಮಾತು ನನಗೆ ಬಹಳ ಮುಖ್ಯ. ಪ್ಲುಟಾರ್ಕ್ ದೊಡ್ಡ ವಿದ್ವಾಂಸ, ಜೊತೆಗೆ ಡೆಲ್ಫಿಯ ಅಪೊಲೊ ದೇವಾಲಯದ ಪೂಜಾರಿ. ಇಬ್ಬರೂ ಸರಿ ಇರಬಹುದಲ್ಲ ಅನ್ನುತ್ತಾನೆ ಅವನು. ಒಬ್ಬ ಅದು ಯಾವುದರಿಂದ ಆಯಿತು ಅಂತ ಹೇಳಿದ, ಇನ್ನೊಬ್ಬ ಯಾವುದಕ್ಕಾಗಿ ಆಯಿತು ಅಂತ ಹೇಳಿದ. ಕಾರಣ ಗೊತ್ತಾದ ಮಾತ್ರಕ್ಕೆ ಸೂಚನೆ ಸುಳ್ಳಾಗುವುದಿಲ್ಲ. ಬೆಟ್ಟದ ಮೇಲೆ ಹಚ್ಚಿದ ಬೆಂಕಿಗೂ ಕಾರಣ ಇದೆ, ಆದರೂ ಅದು ಏನೋ ಸುದ್ದಿ ಹೇಳುತ್ತದೆ. ನೆರಳು ಗಡಿಯಾರದ ಮುಳ್ಳಿನ ನೆರಳೂ ಹಾಗೇ.

ಈ ವಾದ ಚೆನ್ನಾಗಿದೆ. ಇವತ್ತಿಗೂ ಎಷ್ಟೋ ಜನ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಾರೆ. ಆದರೆ ನನಗೆ ಒಪ್ಪಿಗೆ ಇಲ್ಲ. ಬೆಟ್ಟದ ಮೇಲಿನ ಬೆಂಕಿಗೆ ಅರ್ಥ ಬಂದಿದ್ದು ಅದನ್ನು ಹಚ್ಚುವವರೂ ನೋಡುವವರೂ ಮೊದಲೇ ಮಾತಾಡಿಕೊಂಡಿದ್ದರಿಂದ. ಟಗರಿನ ಕೊಂಬಿನ ವಿಷಯದಲ್ಲಿ ಯಾರು ಯಾರ ಜೊತೆ ಮಾತಾಡಿಕೊಂಡಿದ್ದರು? ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಲಾಂಪನ್ ಸುಮ್ನೆ ದಾರಿಹೋಕ ಅಲ್ಲ. ಇಟಲಿಯ ದಕ್ಷಿಣದಲ್ಲಿ ಥುರಿಯೈ ಅನ್ನುವ ಹೊಸ ಊರು ಕಟ್ಟಲು ಅಥೆನ್ಸ್ ಜನ ಕಳಿಸಿದಾಗ ಮುಂದೆ ನಿಂತವರಲ್ಲಿ ಅವನೂ ಒಬ್ಬ. ರಾಜಕೀಯದ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏನೇ ಇರಲಿ, ಒಂದೇ ಮನೆಯಲ್ಲಿ ಇಬ್ಬರೂ ನಿಂತಿದ್ದರು ಅನ್ನುವುದನ್ನು ಗಮನಿಸಿ. ಪೆರಿಕ್ಲೀಸ್ ಇಬ್ಬರ ಮಾತನ್ನೂ ಕೇಳಿಸಿಕೊಂಡ. ಯಾರನ್ನೂ ಹೊರಗೆ ಅಟ್ಟಲಿಲ್ಲ.

ಇದು ಸಾಧ್ಯವಾಗಿದ್ದು ಗ್ರೀಕರ ಧರ್ಮ ಇದ್ದ ರೀತಿಯಿಂದ. ಅವರಿಗೆ ಒಂದು ಧರ್ಮಗ್ರಂಥ ಅಂತ ಇರಲಿಲ್ಲ. ಏನು ನಂಬಬೇಕು ಅಂತ ತೀರ್ಮಾನ ಮಾಡುವ ಪೀಠ ಇರಲಿಲ್ಲ. ಬಲಿ ಕೊಡುವುದು, ಮೆರವಣಿಗೆ ಹೋಗುವುದು, ಹಬ್ಬ ಮಾಡುವುದು, ಊರ ದೇವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು, ಇದೇ ಧರ್ಮ. ಮನಸ್ಸಿನೊಳಗೆ ಏನಿದೆ ಅಂತ ಯಾರೂ ಇಣುಕುತ್ತಿರಲಿಲ್ಲ. ಕ್ಸೆನೊಫೇನಿಸ್ ಅನ್ನುವ ಕವಿ, ತತ್ವಜ್ಞಾನಿ, ಎತ್ತಿಗೂ ಕುದುರೆಗೂ ಕೈ ಇದ್ದು ಚಿತ್ರ ಬರೆಯಲು ಬಂದಿದ್ದರೆ ಕುದುರೆ ತನ್ನ ದೇವರನ್ನು ಕುದುರೆಯ ಹಾಗೇ ಬರೆಯುತ್ತಿತ್ತು, ಎತ್ತು ಎತ್ತಿನ ಹಾಗೇ ಬರೆಯುತ್ತಿತ್ತು ಅಂತ ಹಾಡಿದ. ಹೋಮರ್ ದೇವರುಗಳಿಗೆ ಕಳ್ಳತನ, ಹಾದರ, ಮೋಸ ಎಲ್ಲವನ್ನೂ ಅಂಟಿಸಿದ್ದಾನೆ ಅಂತ ಬೈದ. 92ನೇ ವಯಸ್ಸಿನಲ್ಲೂ ಊರೂರು ಸುತ್ತುತ್ತಾ ಕವಿತೆ ಕಟ್ಟುತ್ತಿದ್ದೇನೆ ಅಂತ ಅವನೇ ಹೇಳಿಕೊಂಡಿದ್ದಾನೆ. ಅವನು ಒಬ್ಬ ದೊಡ್ಡ ದೇವರನ್ನು ನಂಬಿದವನು ಕೂಡ. ಇದನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ಅನಾಕ್ಸಾಗೊರಸ್‌ಗೆ ಏನಾಯಿತು?

ಅವನು ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ ಕ್ಲಾಜೊಮೆನೈ ಊರಿನವನು. ಅಥೆನ್ಸ್‌ಗೆ ಬಂದು ಬಹಳ ವರ್ಷ ಇದ್ದ. ಸೂರ್ಯ ಅಂದರೆ ಕಾದು ಕೆಂಪಾದ ಕಲ್ಲು, ಗ್ರೀಸ್‌ನ ದಕ್ಷಿಣದ ಪೆಲೊಪೊನೀಸ್ ನಾಡಿಗಿಂತ ದೊಡ್ಡದು ಅಂತ ಬರೆದ. ಚಂದ್ರನಲ್ಲಿ ಮಣ್ಣಿದೆ, ಬಯಲು, ಕಣಿವೆ ಎಲ್ಲ ಇವೆ. ಅದಕ್ಕೆ ಸ್ವಂತ ಬೆಳಕಿಲ್ಲ, ಸೂರ್ಯನಿಂದ ಬರುತ್ತದೆ. ಭೂಮಿ ಅಡ್ಡ ಬಂದರೆ ಚಂದ್ರಗ್ರಹಣ, ಚಂದ್ರ ಅಡ್ಡ ಬಂದರೆ ಸೂರ್ಯಗ್ರಹಣ. ಇಷ್ಟನ್ನೂ ಅವನು ದೂರದರ್ಶಕ ಇಲ್ಲದೆ, ಬರೀ ಕಣ್ಣಿಂದ ನೋಡಿ, ಯೋಚನೆ ಮಾಡಿ ಹೇಳಿದ. ಭೂಮಿ ಚಪ್ಪಟೆ ಅಂತ ನಂಬಿದ್ದವನೂ ಅವನೇ. ಒಂದೇ ತಲೆಯಲ್ಲಿ ಅಷ್ಟು ಸರಿ, ಇಷ್ಟು ತಪ್ಪು ಒಟ್ಟಿಗೇ ಇದ್ದವು.

ಸುಮಾರು ಕ್ರಿ.ಪೂ. 467ರಲ್ಲಿ ಈಗಿನ ಡಾರ್ಡನೆಲ್ಸ್ ಜಲಸಂಧಿಯ ದಡದಲ್ಲಿ, ಈಗೊಸ್‌ಪೊಟಮಿ ಅನ್ನುವ ಕಡೆ, ಆಕಾಶದಿಂದ ಒಂದು ಕಲ್ಲು ಬಿತ್ತು. ಗಾಡಿಯಲ್ಲಿ ಹೇರುವಷ್ಟು ದೊಡ್ಡದು, ಕಂದು ಬಣ್ಣ, ಹಗಲು ಹೊತ್ತಿನಲ್ಲೇ ಬಿತ್ತು ಅಂತ ರೋಮ್‌ನ ಪ್ಲಿನಿ ಬರೆದಿದ್ದಾನೆ. ಆಕಾಶದಲ್ಲಿ ಕಲ್ಲುಗಳಿವೆ ಅನ್ನುವವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದರೆ ಆ ಕಲ್ಲಿನ ಮುಂದಿನ ಕಥೆ ಕೇಳಿ. ಐನೂರು ವರ್ಷ ಆದಮೇಲೂ ಆ ಸೀಮೆಯ ಜನ ಅದನ್ನು ಭಕ್ತಿಯಿಂದ ಇಟ್ಟುಕೊಂಡಿದ್ದರು, ಬಂದವರಿಗೆ ತೋರಿಸುತ್ತಿದ್ದರು. ಅನಾಕ್ಸಾಗೊರಸ್‌ಗೆ ಸಾಕ್ಷಿಯಾದ ಕಲ್ಲೇ ಅವರಿಗೆ ಪೂಜೆಯ ಕಲ್ಲು.

ಆಮೇಲೆ ಕಾಲ ಕೆಟ್ಟಿತು. ಕ್ರಿ.ಪೂ. 431ರಲ್ಲಿ ಸ್ಪಾರ್ಟಾ ಜೊತೆ ಯುದ್ಧ ಶುರುವಾಯಿತು. 430ರಲ್ಲಿ ಊರೊಳಗೆ ಪ್ಲೇಗ್ ಬಂತು. ಹೆಚ್ಚುಕಡಿಮೆ ಈ ದಿನಗಳಲ್ಲೇ ಡಿಯೋಪೈಥಿಸ್ ಅನ್ನುವವನು ಒಂದು ಠರಾವು ತಂದ ಅಂತ ಪ್ಲುಟಾರ್ಕ್ ಹೇಳುತ್ತಾನೆ. ದೇವರ ವಿಷಯವನ್ನು ಒಪ್ಪದವರ ಮೇಲೆ, ಆಕಾಶದ ಸಂಗತಿಗಳ ಬಗ್ಗೆ ಪಾಠ ಹೇಳುವವರ ಮೇಲೆ ದೂರು ಕೊಡಬಹುದು ಅಂತ ಠರಾವು. ಇಂಥ ಠರಾವು ನಿಜಕ್ಕೂ ಇತ್ತಾ ಅಂತ ಇವತ್ತಿನ ವಿದ್ವಾಂಸರಲ್ಲಿ ಜಗಳವಿದೆ. ಅನಾಕ್ಸಾಗೊರಸ್‌ನ ವಿಚಾರಣೆಯ ಬಗ್ಗೆಯೂ ಹಳಬರು ಬೇರೆ ಬೇರೆ ಹೇಳುತ್ತಾರೆ. ಒಬ್ಬನ ಪ್ರಕಾರ ದೂರು ಕೊಟ್ಟವನು ಕ್ಲಿಯಾನ್, ಶಿಕ್ಷೆ ಐದು ಟ್ಯಾಲೆಂಟ್, ಅಂದರೆ ಬಹಳ ದೊಡ್ಡ ಮೊತ್ತದ ದಂಡ ಮತ್ತು ಗಡೀಪಾರು. ಇನ್ನೊಬ್ಬನ ಪ್ರಕಾರ ದೂರು ಕೊಟ್ಟವನು ಅದೇ ರಾಜಕಾರಣಿ ಥುಸಿಡಿಡೀಸ್, ದೈವನಿಂದೆಯ ಜೊತೆಗೆ ಪರ್ಷಿಯಾದ ಪಕ್ಷಪಾತಿ ಅನ್ನುವ ಆರೋಪವೂ ಸೇರಿತ್ತು, ಶಿಕ್ಷೆ ಮರಣ. ಎರಡು ಕಥೆಯಲ್ಲೂ ಒಂದು ಸಂಗತಿ ಎದ್ದು ಕಾಣುತ್ತದೆ. ದೂರು ಕೊಟ್ಟವನು ಪೂಜಾರಿ ಅಲ್ಲ, ಪೆರಿಕ್ಲೀಸ್‌ನ ರಾಜಕೀಯ ವೈರಿ. ಪೆರಿಕ್ಲೀಸ್‌ನನ್ನು ನೇರವಾಗಿ ಮುಟ್ಟಲು ಆಗದವರು ಅವನ ಸುತ್ತ ಇದ್ದವರ ಮೇಲೆ ಕೈ ಹಾಕಿದರು. ಶಿಲ್ಪಿ ಫಿಡಿಯಾಸ್, ಸಂಗಾತಿ ಅಸ್ಪಾಸಿಯಾ, ಗುರು ಅನಾಕ್ಸಾಗೊರಸ್, ಎಲ್ಲರಿಗೂ ಇದೇ ಗತಿ. ಸೂರ್ಯ ಕಲ್ಲು ಅನ್ನುವ ಮಾತು ಊರಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿತ್ತು. ಅದು ಅಪರಾಧವಾಗಿದ್ದು ರಾಜಕೀಯಕ್ಕೆ ಬೇಕಾದಾಗ.

ಅವನು ಲಾಂಪ್ಸಕಸ್ ಊರಿಗೆ ಹೋಗಿ ಅಲ್ಲೇ ತೀರಿಕೊಂಡ. ಏನು ಗೌರವ ಬೇಕು ಅಂತ ಊರ ಹಿರಿಯರು ಕೇಳಿದ್ದಕ್ಕೆ, ತಾನು ಸತ್ತ ತಿಂಗಳಲ್ಲಿ ಪ್ರತಿ ವರ್ಷ ಮಕ್ಕಳಿಗೆ ಆಟಕ್ಕೆ ರಜೆ ಕೊಡಿ ಅಂದನಂತೆ.

ಈಗ ಒಂದು ಪುಸ್ತಕದ ಕಡೆ ಬರೋಣ. ನನಗೆ ಬಹಳ ಇಷ್ಟವಾದ ಬರಹ ಇದು. ಹಿಪಾಕ್ರಟಿಸ್‌ನ ಹೆಸರಿನಲ್ಲಿ ಉಳಿದುಬಂದ ವೈದ್ಯಗ್ರಂಥಗಳಲ್ಲಿ ‘ಪವಿತ್ರ ರೋಗ’ ಅಂತ ಒಂದಿದೆ. ವಿಷಯ ಮೂರ್ಛೆರೋಗ. ಮನುಷ್ಯ ಇದ್ದಕ್ಕಿದ್ದ ಹಾಗೆ ಬಿದ್ದು ಒದ್ದಾಡುತ್ತಾನೆ, ಬಾಯಲ್ಲಿ ನೊರೆ ಬರುತ್ತದೆ, ಆಮೇಲೆ ಏನೂ ಆಗದವನ ಹಾಗೆ ಏಳುತ್ತಾನೆ. ಜನ ಇದನ್ನು ದೇವರ ಕಾಟ ಅಂತ ನಂಬಿದ್ದರು. ಮಂತ್ರ ಹಾಕುವವರು, ಶುದ್ಧಿ ಮಾಡುವವರು ರೋಗಿಯನ್ನು ನೋಡಿ ಯಾವ ದೇವರು ಅಂತ ಹೇಳುತ್ತಿದ್ದರು. ಮೇಕೆಯ ಹಾಗೆ ಕೂಗಿದರೆ, ಹಲ್ಲು ಕಡಿದರೆ ದೇವಮಾತೆ. ಕುದುರೆಯ ಹಾಗೆ ಜೋರಾಗಿ ಕೂಗಿದರೆ ಪೊಸೈಡನ್. ನೊರೆ ಬಂದು ಕಾಲು ಒದ್ದರೆ ಆರಿಸ್. ರಾತ್ರಿ ಹೆದರಿ ಹಾಸಿಗೆಯಿಂದ ಎದ್ದು ಓಡಿದರೆ ಹೆಕಟಿ. ಪಥ್ಯವೂ ಇತ್ತು. ಸ್ನಾನ ಮಾಡಬಾರದು. ಈರುಳ್ಳಿ, ಬೆಳ್ಳುಳ್ಳಿ ಬೇಡ. ಕಪ್ಪು ಬಟ್ಟೆ ಬೇಡ. ಮೇಕೆ ಮಾಂಸ ತಿನ್ನಬಾರದು, ಮೇಕೆ ಚರ್ಮದ ಮೇಲೆ ಮಲಗಬಾರದು. ಕಾಲ ಮೇಲೆ ಕಾಲು ಹಾಕಬಾರದು.

ಪುಸ್ತಕ ಬರೆದ ವೈದ್ಯ ಕೇಳುತ್ತಾನೆ: ಮೇಕೆಯಿಂದ ಈ ರೋಗ ಬರುವುದಾದರೆ ಲಿಬಿಯಾದ ಒಳನಾಡಿನಲ್ಲಿ ಒಬ್ಬನೂ ಆರೋಗ್ಯವಾಗಿ ಇರಬಾರದಿತ್ತು. ಅಲ್ಲಿಯವರು ಮಲಗುವುದು ಮೇಕೆ ಚರ್ಮದ ಮೇಲೆ, ತಿನ್ನುವುದು ಮೇಕೆ ಮಾಂಸ. ಪಥ್ಯದಿಂದಲೇ ರೋಗ ಹೋಗುವುದಾದರೆ ಅದು ದೇವರ ಕಾಟ ಹೇಗಾಗುತ್ತದೆ? ರೋಗಿ ಉಳಿದರೆ ಹೆಸರು ನಿಮಗೆ, ಸತ್ತರೆ ತಪ್ಪು ದೇವರದಾ? ಅವನ ಪ್ರಕಾರ ರೋಗದ ಮೂಲ ಮಿದುಳು. ನಗು, ಅಳು, ಸಂತೋಷ, ಭಯ ಎಲ್ಲ ಹುಟ್ಟುವುದು ಅಲ್ಲೇ. ಈ ರೋಗ ಬಂದ ಮೇಕೆಯ ತಲೆಯನ್ನು ಸೀಳಿ ನೋಡಿ ಅನ್ನುತ್ತಾನೆ. ಒಳಗೆ ಮಿದುಳು ನೀರು ತುಂಬಿ ಕೆಟ್ಟ ವಾಸನೆ ಹೊಡೆಯುತ್ತದೆ. ದೇಹವನ್ನು ಕೆಡಿಸುತ್ತಿರುವುದು ರೋಗ, ದೇವರಲ್ಲ ಅಂತ ಆಗ ನಿಮಗೇ ಗೊತ್ತಾಗುತ್ತದೆ.

ಮಿದುಳಿನಿಂದ ಕಫ ಇಳಿದು ರಕ್ತನಾಳದಲ್ಲಿ ಗಾಳಿಯ ದಾರಿ ಕಟ್ಟುತ್ತದೆ ಅಂತ ಅವನು ಕೊಟ್ಟ ವಿವರಣೆ ತಪ್ಪು. ಅದು ಆಮೇಲಿನವರು ತಿದ್ದಬಹುದಾದ ತಪ್ಪು. ಹೆಕಟಿಯ ಕಾಟವನ್ನು ತಿದ್ದಲು ದಾರಿಯೇ ಇಲ್ಲ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಈ ವೈದ್ಯ ನಾಸ್ತಿಕ ಅಂತ ಯಾರಾದರೂ ಅಂದುಕೊಂಡಿದ್ದರೆ ಪುಸ್ತಕ ತೆರೆದು ಓದಬೇಕು. ಶುದ್ಧಿ ಮಾಡುವವರ ಮೇಲೆ ಅವನ ಸಿಟ್ಟೆಲ್ಲ ಇರುವುದು ಭಕ್ತನ ಸಿಟ್ಟು. ಅತ್ಯಂತ ಪವಿತ್ರನಾದ ದೇವರು ಮನುಷ್ಯನ ಮೈಯನ್ನು ಮಲಿನ ಮಾಡುತ್ತಾನೆ ಅಂತ ಹೇಳುತ್ತೀರಲ್ಲ, ದೈವನಿಂದೆ ಮಾಡುತ್ತಿರುವವರು ನೀವು ಅನ್ನುವ ಧಾಟಿ ಅವನದು. ಗುಡಿಯ ಗಡಿ ಹಾಕಿ, ನೀರು ಚಿಮುಕಿಸಿಕೊಂಡು ಒಳಗೆ ಹೋಗುವುದು ನಮ್ಮ ಮೇಲಿನ ಕೊಳೆ ತೊಳೆದುಕೊಳ್ಳಲು ಅಂತ ಹೇಳುತ್ತಾನೆ. ಎಲ್ಲ ರೋಗಗಳೂ ದೈವಿಕ, ಎಲ್ಲ ರೋಗಗಳೂ ಮಾನುಷ, ಒಂದಕ್ಕೆ ಮಾತ್ರ ಪವಿತ್ರ ಅನ್ನುವ ಪಟ್ಟ ಬೇಡ ಅನ್ನುವುದು ಅವನ ನಿಲುವು. ವಿಜ್ಞಾನವೂ ಧರ್ಮವೂ ಇಲ್ಲಿ ಎರಡು ಪಾಳೆಯ ಆಗಿಲ್ಲ. ಒಬ್ಬನೇ ಮನುಷ್ಯ ತನ್ನ ದೇವರನ್ನು ಕಾಪಾಡಿಕೊಳ್ಳಲು ಮೇಕೆಯ ತಲೆ ಸೀಳುತ್ತಿದ್ದಾನೆ.

ಈಗ ಗ್ರಹಣಕ್ಕೆ ಬರುತ್ತೇನೆ.

ಯುದ್ಧದ ಶುರುವಿನಲ್ಲಿ ಪೆರಿಕ್ಲೀಸ್ ಹಡಗು ಹತ್ತಿ ಹೊರಟಿದ್ದಾಗ ಸೂರ್ಯಗ್ರಹಣ ಆಯಿತು. ಚುಕ್ಕಾಣಿ ಹಿಡಿದವನು ನಡುಗಿಬಿಟ್ಟ. ಪೆರಿಕ್ಲೀಸ್ ತನ್ನ ಮೇಲುಹೊದಿಕೆಯನ್ನು ಅವನ ಕಣ್ಣಿಗೆ ಅಡ್ಡ ಹಿಡಿದು, ಇದರಿಂದ ಭಯ ಆಗುತ್ತಾ ಅಂತ ಕೇಳಿದ. ಇಲ್ಲ ಅಂದ ಅವನು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ, ಅಲ್ಲಿ ಅಡ್ಡ ಬಂದಿರುವುದು ಈ ಬಟ್ಟೆಗಿಂತ ದೊಡ್ಡದು ಅಷ್ಟೆ ಅಂದ ಪೆರಿಕ್ಲೀಸ್. ತತ್ವಜ್ಞಾನದ ಶಾಲೆಗಳಲ್ಲಿ ಹೇಳುತ್ತಿದ್ದ ಕಥೆ ಇದು, ಸ್ವಲ್ಪ ಬಣ್ಣ ಸೇರಿರಬಹುದು. ಆದರೆ ತಿಳಿವಳಿಕೆ ಹೇಗೆ ದಾಟಬೇಕು ಅಂತ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ಹಡಗಿನ ಮೇಲೆ, ಕೆಲಸ ಮಾಡುವವನಿಗೆ, ಭಯ ಹುಟ್ಟಿದ ಗಳಿಗೆಯಲ್ಲೇ, ಕೈಯಲ್ಲಿದ್ದ ಬಟ್ಟೆಯಿಂದ.

ಪೆರಿಕ್ಲೀಸ್ 429ರಲ್ಲಿ ತೀರಿಕೊಂಡ. ಹದಿನಾರು ವರ್ಷದ ನಂತರ, ಕ್ರಿ.ಪೂ. 413ರ ಆಗಸ್ಟ್‌ನಲ್ಲಿ, ಅಥೆನ್ಸ್‌ನ ದೊಡ್ಡ ಸೈನ್ಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಬಂದರಿನಲ್ಲಿ ಸಿಕ್ಕಿಕೊಂಡಿತ್ತು. ಊರನ್ನು ಮುತ್ತಲು ಹೋದವರು ತಾವೇ ಮುತ್ತಿಗೆಗೆ ಒಳಗಾಗುವ ಸ್ಥಿತಿಗೆ ಬಂದಿದ್ದರು. ಬೀಡು ಬಿಟ್ಟಿದ್ದು ಜೌಗು ನೆಲದಲ್ಲಿ. ಸೈನಿಕರಿಗೆ ಕಾಯಿಲೆ. ಶತ್ರುಗಳಿಗೆ ಹೊಸ ಬಲ ಬಂದಿತ್ತು. ದಂಡನಾಯಕ ನಿಕಿಯಾಸ್ ಮೊದಲು ಹಿಂದೆಮುಂದೆ ನೋಡಿದ. ಕೊನೆಗೆ ಗುಟ್ಟಾಗಿ ಹೊರಟುಬಿಡುವುದು ಅಂತ ತೀರ್ಮಾನವಾಯಿತು. ಎಲ್ಲ ತಯಾರಾಗಿತ್ತು. 27ನೇ ತಾರೀಖಿನ ರಾತ್ರಿ, ಹುಣ್ಣಿಮೆಯ ಚಂದ್ರ ಕಪ್ಪಾಗತೊಡಗಿದ.

ಈ ಭಾಗವನ್ನು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಅವನ ಮಾತು ಬಹಳ ಕಡಿಮೆ. ಬಹುಪಾಲು ಸೈನಿಕರೇ ಹೆದರಿ, ಈಗ ಹೊರಡುವುದು ಬೇಡ ಅಂದರು. ನಿಕಿಯಾಸ್‌ಗೆ ಶಕುನದ ಗೀಳು ಸ್ವಲ್ಪ ಜಾಸ್ತಿಯೇ ಇತ್ತು. ಶಕುನದವರು ಹೇಳಿದ ಹಾಗೆ ಮೂರು ಸಲ ಒಂಬತ್ತು ದಿನ, ಅಂದರೆ 27 ದಿನ ಕಳೆಯುವವರೆಗೂ ಹೊರಡುವ ಮಾತೇ ಎತ್ತಬೇಡಿ ಅಂತ ಅವನು ಕೂತುಬಿಟ್ಟ.

ಅಷ್ಟು ದಿನ ಕಾಯಲು ಶತ್ರುಗಳು ಬಿಡಲಿಲ್ಲ. ಬಂದರಿನ ಬಾಯಿಗೆ ಅಡ್ಡಲಾಗಿ ಹಡಗುಗಳನ್ನು ಲಂಗರು ಹಾಕಿ ಮುಚ್ಚಿದರು. ಒಳಗಿನ ಕದನದಲ್ಲಿ ಅಥೆನ್ಸ್‌ನ ನೌಕಾಪಡೆ ಮುರಿಯಿತು. ಉಳಿದ ಸುಮಾರು 40,000 ಜನ ಹಡಗು ಬಿಟ್ಟು ಕಾಲುನಡಿಗೆಯಲ್ಲಿ ಹೊರಟರು. ಅಸ್ಸಿನಾರಸ್ ನದಿ ಸಿಕ್ಕಾಗ ಬಾಯಾರಿಕೆ ತಡೆಯಲಾರದೆ ನುಗ್ಗಿದರು. ಮೇಲಿಂದ ಬಾಣ, ಈಟಿ ಬೀಳುತ್ತಿದ್ದರೂ ಕೆಸರು, ರಕ್ತ ಬೆರೆತ ನೀರಿಗೇ ಕಿತ್ತಾಡಿದರು. ಸೆರೆಸಿಕ್ಕ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಕಲ್ಲುಗಣಿಗಳಿಗೆ ತಳ್ಳಿದರು. ಹಗಲು ಬಿಸಿಲು, ರಾತ್ರಿ ಚಳಿ, ಪಕ್ಕದಲ್ಲೇ ಹೆಣಗಳು, ದಿನಕ್ಕೆ ಒಂದು ಸಣ್ಣ ಬಟ್ಟಲು ನೀರು, ಎರಡು ಬಟ್ಟಲು ಧಾನ್ಯ. ನಿಕಿಯಾಸ್‌ನನ್ನು ಕೊಂದರು.

ಗ್ರಹಣವೊಂದೇ ಇದಕ್ಕೆ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ. ಆ ದಂಡಯಾತ್ರೆಯೇ ದುರಾಸೆಯಿಂದ ಹುಟ್ಟಿದ್ದು. ಆದರೆ ಆ ರಾತ್ರಿ ಹೊರಟಿದ್ದರೆ ಬಹಳ ಜನ ಮನೆ ಸೇರುತ್ತಿದ್ದರು.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಶಕುನಶಾಸ್ತ್ರದ ಒಳಗೇ ಬೇರೆ ಉತ್ತರ ಇತ್ತು. ನಂತರದ ಕಾಲದ ಫಿಲೊಕೊರಸ್, ಸ್ವತಃ ಶಕುನ ಹೇಳುವವನು, ತಪ್ಪಿಸಿಕೊಂಡು ಹೋಗುವವರಿಗೆ ಬೆಳಕೇ ಶತ್ರು, ಕತ್ತಲು ಒಳ್ಳೆಯ ಸೂಚನೆ ಅಂತ ಬರೆದ. ನಿಕಿಯಾಸ್‌ನ ಜೊತೆ ಯಾವಾಗಲೂ ಇರುತ್ತಿದ್ದ, ಅವನ ಭಯವನ್ನು ಎಷ್ಟೋ ಕಡಿಮೆ ಮಾಡುತ್ತಿದ್ದ ಶಕುನದವನು ಸ್ಟಿಲ್ಬಿಡಿಸ್ ಸ್ವಲ್ಪ ದಿನದ ಹಿಂದೆ ತೀರಿಕೊಂಡಿದ್ದ. ಹಾಗಾಗಿ ಧರ್ಮ ಸೈನ್ಯವನ್ನು ಮುಳುಗಿಸಿತು ಅನ್ನುವುದು ಸುಲಭದ ಮಾತು, ಸಾಲದ ಮಾತು.

ಪ್ಲುಟಾರ್ಕ್ ಬೇರೆ ಕಡೆ ಬೊಟ್ಟು ಮಾಡುತ್ತಾನೆ. ಚಂದ್ರನ ಬೆಳಕು, ನೆರಳಿನ ಬಗ್ಗೆ ಎಲ್ಲರಿಗಿಂತ ಸ್ಪಷ್ಟವಾಗಿ, ಧೈರ್ಯವಾಗಿ ಬರೆದವನು ಅನಾಕ್ಸಾಗೊರಸ್. ಆದರೆ ಆ ಬರಹ ಇನ್ನೂ ಗುಟ್ಟಾಗಿಯೇ ಇತ್ತು. ನಾಲ್ಕು ಜನರ ನಡುವೆ, ಎಚ್ಚರಿಕೆಯಿಂದ, ಅಳುಕಿನಿಂದ ಕೈ ಬದಲಾಯಿಸುತ್ತಿತ್ತು. ದೇವರ ಕೆಲಸವನ್ನೆಲ್ಲ ಕುರುಡು ಕಾರಣಗಳಿಗೆ ಇಳಿಸುತ್ತಾರೆ ಅಂತ ಆಕಾಶದ ಬಗ್ಗೆ ಮಾತಾಡುವವರನ್ನು ಜನ ಸಹಿಸುತ್ತಿರಲಿಲ್ಲ.

ಇದನ್ನು ಬರೆದವನು ದೇವಾಲಯದ ಪೂಜಾರಿ ಅನ್ನುವುದನ್ನು ಮರೆಯಬೇಡಿ. ನನ್ನ ಇಡೀ ಮಾತು ನಿಂತಿರುವುದು ಇಲ್ಲೇ. ಒಬ್ಬ ಮುದುಕನಿಗೆ ದಂಡ ಹಾಕಿ ಊರು ಬಿಡಿಸಿದಾಗ ಅಥೆನ್ಸ್ ಕಳೆದುಕೊಂಡಿದ್ದು ಒಬ್ಬನನ್ನಲ್ಲ. ಅವನು ಹೇಳಿದ್ದು ಅಳಿಯಲಿಲ್ಲ, ಪಿಸುಮಾತಾಯಿತು. ಪಿಸುಮಾತು ಹಡಗಿನ ಹುಟ್ಟು ಹಾಕುವವನಿಗೆ ಕೇಳಿಸುವುದಿಲ್ಲ. ಸಿರಾಕ್ಯೂಸ್‌ನಲ್ಲಿ ಹೆದರಿದವನು ನಿಕಿಯಾಸ್ ಒಬ್ಬನೇ ಅಲ್ಲವಲ್ಲ, ಸಾವಿರಾರು ಜನ. ಅವರ ಕಣ್ಣಿಗೆ ಬಟ್ಟೆ ಅಡ್ಡ ಹಿಡಿದು ಹೇಳುವವರು ಒಬ್ಬರೂ ಅಲ್ಲಿರಲಿಲ್ಲ.

56 ವರ್ಷದ ನಂತರ, ಕ್ರಿ.ಪೂ. 357ರಲ್ಲಿ, ಇದೇ ಸಿರಾಕ್ಯೂಸ್ ಮೇಲೆ ಇನ್ನೊಬ್ಬ ದಂಡೆತ್ತಿ ಹೊರಟ. ಹೆಸರು ಡಿಯೋನ್, ಪ್ಲೇಟೋನ ಶಿಷ್ಯ. ಎಂಟುನೂರಕ್ಕಿಂತ ಕಡಿಮೆ ಸೈನಿಕರು. ಜಾಕಿಂಥೋಸ್ ದ್ವೀಪದಲ್ಲಿ ಅಪೊಲೊಗೆ ಪೂಜೆ ಮಾಡಿ, ಎಲ್ಲರಿಗೂ ಔತಣ ಹಾಕಿಸಿದ. ಊಟ ಮುಗಿದು ಪ್ರಾರ್ಥನೆಯ ಹೊತ್ತಿಗೆ ಚಂದ್ರಗ್ರಹಣ ಹಿಡಿಯಿತು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವ ಲೆಕ್ಕ ಡಿಯೋನ್‌ಗೆ ಗೊತ್ತಿತ್ತು, ಅವನು ಬೆಚ್ಚಲಿಲ್ಲ. ಸೈನಿಕರು ಬೆಚ್ಚಿದರು. ಆಗ ಎದ್ದು ನಿಂತವನು ಮಿಲ್ಟಾಸ್, ಶಕುನ ಹೇಳುವವನು. ಈಗ ಜೋರಾಗಿ ಹೊಳೆಯುತ್ತಿರುವ ಏನೋ ಒಂದು ಮಂಕಾಗಲಿದೆ ಅಂತ ದೇವರು ತೋರಿಸುತ್ತಿದ್ದಾನೆ, ಸಿರಾಕ್ಯೂಸ್‌ನ ಸರ್ವಾಧಿಕಾರಿ ಡಿಯೊನೀಸಿಯಸ್‌ಗಿಂತ ಹೊಳೆಯುವುದು ಯಾವುದಿದೆ ಅಂತ ಧೈರ್ಯ ಹೇಳಿದ. ಹಡಗುಗಳು ಹೊರಟವು, ಊರು ಕೈಗೆ ಬಂತು. ಈ ಮಿಲ್ಟಾಸ್ ಕೂಡ ಪ್ಲೇಟೋನ ಅಕಾಡೆಮಿಯಲ್ಲಿ ಓದಿದವನೇ!

ಈ ಕಥೆ ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ನಾಯಕನಿಗೆ ನಿಜ ಗೊತ್ತಿದೆ. ಶಕುನದವನಿಗೂ ಬಹುಶಃ ಗೊತ್ತಿದೆ. ಗೊತ್ತಿಲ್ಲದಿರುವುದು ಪ್ರಾಣ ಕೊಡಲು ಹೊರಟವರಿಗೆ ಮಾತ್ರ. ಅವರಿಗೆ ಸಿಕ್ಕಿದ್ದು ಒಳ್ಳೆಯ ಶಕುನ, ತಿಳಿವಳಿಕೆ ಅಲ್ಲ. ನಾಳೆ ಇನ್ನೊಬ್ಬ ಇನ್ನೊಂದು ಅರ್ಥ ಹೇಳಿದರೆ ಅವರು ಮತ್ತೆ ಹೆದರುತ್ತಾರೆ. ಆದರೂ ಆ ರಾತ್ರಿ ಆ ಸೈನಿಕರ ಮುಂದೆ ಪಾಠ ಮಾಡುತ್ತಾ ನಿಲ್ಲಲು ಸಾಧ್ಯವಿತ್ತಾ ಅಂತ ಯಾರಾದರೂ ಕೇಳಿದರೆ, ಪೆರಿಕ್ಲೀಸ್‌ಗೆ ಎಷ್ಟು ಹೊತ್ತು ಬೇಕಾಯಿತು ಅಂತ ನಾನು ತಿರುಗಿ ಕೇಳುತ್ತೇನೆ.

ಈ ಎರಡು ಗ್ರಹಣಗಳ ನಡುವೆ ಸಾಕ್ರಟೀಸ್ ಸತ್ತ. ಅದು ನಿಮಗೆಲ್ಲ ಗೊತ್ತಿರುವ ಕಥೆ, ಒಂದೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಕ್ರಿ.ಪೂ. 423ರಲ್ಲಿ ಅರಿಸ್ಟೋಫೇನಸ್ ತನ್ನ ನಾಟಕದಲ್ಲಿ, ಮಳೆ ತರುವುದು ದೇವರ ರಾಜ ಜ್ಯೂಸ್ ಅಲ್ಲ, ಮೋಡ ಅಂತ ಸಾಕ್ರಟೀಸ್ ಬಾಯಲ್ಲಿ ಹೇಳಿಸಿ ನಗಿಸಿದ್ದ. 399ರ ವಿಚಾರಣೆಯಲ್ಲಿ ದೂರುದಾರ ಮೆಲೆಟಸ್, ಇವನು ಸೂರ್ಯನನ್ನು ಕಲ್ಲು, ಚಂದ್ರನನ್ನು ಮಣ್ಣು ಅನ್ನುತ್ತಾನೆ ಅಂದ. ಅದಕ್ಕೆ ಸಾಕ್ರಟೀಸ್, ನೀನು ಆರೋಪ ಮಾಡುತ್ತಿರುವುದು ಅನಾಕ್ಸಾಗೊರಸ್ ಮೇಲೆ, ಅವನ ಪುಸ್ತಕ ಮಾರುಕಟ್ಟೆಯಲ್ಲಿ ಹೆಚ್ಚೆಂದರೆ ಒಂದು ಡ್ರಾಕ್ಮಾಗೆ ಸಿಗುತ್ತದೆ ಅಂದ ಅಂತ ಪ್ಲೇಟೋ ಬರೆದಿದ್ದಾನೆ. ಅಂದರೆ ಪುಸ್ತಕ ಮಾರಬಹುದಿತ್ತು. ಅದರೊಳಗಿನ ಮಾತನ್ನು ನಿನ್ನದು ಅಂತ ಹೇಳಿ ಕೊಲ್ಲಲೂಬಹುದಿತ್ತು.

ಆಕಾಶದ ವಿದ್ಯೆಯ ಮೇಲಿನ ಕಳಂಕ ತೊಳೆದವನು ಪ್ಲೇಟೋ ಅಂತ ಪ್ಲುಟಾರ್ಕ್ ಹೊಗಳುತ್ತಾನೆ. ಪ್ರಕೃತಿಯ ನಿಯಮಗಳನ್ನು ಪ್ಲೇಟೋ ದೈವಿಕವಾದದ್ದರ ಕೆಳಗೆ ಇಟ್ಟ. ಗ್ರಹಗಳು ಕಲ್ಲಲ್ಲ, ಅವಕ್ಕೆ ಆತ್ಮ ಇದೆ, ಅವುಗಳ ಚಲನೆಯಲ್ಲೇ ದೇವರ ಬುದ್ಧಿ ಕಾಣುತ್ತದೆ. ಹೀಗೆ ಹೇಳಿದ ಮೇಲೆ ಖಗೋಳ ಓದುವುದು ಪುಣ್ಯದ ಕೆಲಸವಾಯಿತು. ಡಿಯೋನ್ ಹೆದರದೆ ಕಲಿತದ್ದು ಇದರಿಂದಲೇ.

ಆದರೆ ಇದಕ್ಕೆ ಬೆಲೆ ಕಟ್ಟಬೇಕಾಯಿತು. ಮುಪ್ಪಿನಲ್ಲಿ ಪ್ಲೇಟೋ ಬರೆದ ಕೊನೆಯ ದೊಡ್ಡ ಕೃತಿ ‘ಕಾನೂನುಗಳು’. ಕ್ರೀಟ್ ದ್ವೀಪದಲ್ಲಿ ಕಟ್ಟಲಿರುವ ಒಂದು ಕಲ್ಪನೆಯ ಊರಿಗೆ ಕಾನೂನು ಬರೆಯುವ ಸಂಭಾಷಣೆ. ಹತ್ತನೇ ಭಾಗದಲ್ಲಿ ನಾಸ್ತಿಕರ ವಿಷಯ ಬರುತ್ತದೆ. ಸೂರ್ಯಚಂದ್ರರು ದೇವರು ಅಂತ ನಾವು ಹೇಳಿದರೆ, ಅವು ಬರೀ ಮಣ್ಣು, ಕಲ್ಲು, ಮನುಷ್ಯರ ಗೊಡವೆ ಅವಕ್ಕಿಲ್ಲ ಅನ್ನುತ್ತಾರೆ ಈ ಜಾಣರು ಅಂತ ದೂರಿನ ಶುರು. ಇದು ಮೆಲೆಟಸ್‌ನ ಮಾತಿನ ಧಾಟಿಯೇ, ಅಲ್ವಾ? ದೇವರನ್ನು ನಂಬದೆಯೂ ಒಳ್ಳೆಯವನಾಗಿ ಬದುಕುವವನಿಗೆ ಐದು ವರ್ಷ ಸೆರೆ. ಬುದ್ಧಿ ಹೇಳಲು ರಾತ್ರಿ ಸೇರುವ ಸಭೆಯ ಸದಸ್ಯರು ಮಾತ್ರ ಬಂದು ಹೋಗುತ್ತಾರೆ. ಆಮೇಲೂ ಬದಲಾಗದೆ ಮತ್ತೆ ಸಿಕ್ಕಿಬಿದ್ದರೆ ಮರಣ. ನಂಬಿಕೆ ಇಲ್ಲದಿದ್ದರೂ ಮಂತ್ರತಂತ್ರದಿಂದ ದೇವರನ್ನು ಒಲಿಸುತ್ತೇನೆ ಅಂತ ಜನರನ್ನು ದೋಚುವವನಿಗೆ ಇನ್ನೂ ಕಠಿಣ ಶಿಕ್ಷೆ, ಸಾಯುವವರೆಗೂ ಸೆರೆ, ಸತ್ತ ಮೇಲೆ ಹೆಣವನ್ನು ಹೂಳದೆ ಗಡಿಯಾಚೆ ಎಸೆಯುವುದು. ಗ್ರೀಕರಲ್ಲಿ ಪೂಜಾರಿಗಳು ಯಾರೂ ಬರೆಯದಿದ್ದ ನಂಬಿಕೆಯ ಕಾನೂನನ್ನು ಬರೆದವನು ತತ್ವಜ್ಞಾನಿ. ತನ್ನ ಗುರುವನ್ನು ಇಂಥದೇ ಆರೋಪದ ಮೇಲೆ ಕೊಂದಿದ್ದನ್ನು ಕಂಡವನು. ಪ್ಲೇಟೋನನ್ನು ಇಷ್ಟಪಟ್ಟು ಓದುವವನಾಗಿ ಇದನ್ನು ಹೇಳಲು ನನಗೆ ನೋವಾಗುತ್ತದೆ.

ಆಮೇಲೆಯೂ ಇದೇ ನಡೆಯಿತು. ಕ್ರಿ.ಪೂ. 3ನೇ ಶತಮಾನದಲ್ಲಿ ಸಾಮೋಸ್‌ನ ಅರಿಸ್ಟಾರ್ಕಸ್, ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂದ. ವಿಶ್ವದ ನಡುವಿನ ಒಲೆಯಾದ ಭೂಮಿಯನ್ನೇ ಜಾಗ ಬದಲಾಯಿಸಿದ ಇವನ ಮೇಲೆ ದೈವನಿಂದೆಯ ದೂರು ಹಾಕಬೇಕು ಅಂದವನು ಕ್ಲಿಯಾಂಥಿಸ್, ಅವನೂ ತತ್ವಜ್ಞಾನಿಯೇ. ಅರಿಸ್ಟಾರ್ಕಸ್‌ನ ಮಾತನ್ನು ಬಹಳ ಜನ ಒಪ್ಪದಿದ್ದುದಕ್ಕೆ ಅದು ಮುಖ್ಯ ಕಾರಣ ಅಲ್ಲ. ಭೂಮಿ ತಿರುಗುತ್ತಿದ್ದರೆ ನಕ್ಷತ್ರಗಳ ಸ್ಥಾನದಲ್ಲಿ ವರ್ಷದಲ್ಲಿ ವ್ಯತ್ಯಾಸ ಕಾಣಬೇಕು, ಅದು ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಎಲ್ಲ ಸೋಲನ್ನೂ ಧರ್ಮದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಅರಿಸ್ಟಾಟಲ್. ಅವನ ದೇವರು ತನ್ನ ಬಗ್ಗೆ ತಾನೇ ಯೋಚಿಸುತ್ತಾ ಇರುವವನು. ಪ್ರಾರ್ಥನೆ ಕೇಳುವುದಿಲ್ಲ, ಜಗತ್ತಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ಊರ ಧರ್ಮಕ್ಕೆ ಇದಕ್ಕಿಂತ ದೂರದ ದೇವರು ಇರಲಾರ. ಅದನ್ನು ಅವನು ಅಥೆನ್ಸ್‌ನಲ್ಲೇ ಪಾಠ ಮಾಡಿದ, ಯಾರೂ ದೂರು ಕೊಡಲಿಲ್ಲ. ಕ್ರಿ.ಪೂ. 323ರಲ್ಲಿ ಬ್ಯಾಬಿಲೋನ್‌ನಲ್ಲಿ ಅಲೆಕ್ಸಾಂಡರ್ ಸತ್ತ. ಅಥೆನ್ಸ್ ಅವನ ನಾಡಾದ ಮ್ಯಾಸಿಡೋನಿಯಾ ವಿರುದ್ಧ ಎದ್ದಿತು. ಅಲೆಕ್ಸಾಂಡರ್‌ಗೆ ಪಾಠ ಹೇಳಿದ್ದ ಅರಿಸ್ಟಾಟಲ್ ಮೇಲೆ ದೈವನಿಂದೆಯ ದೂರು ಬಂತು. ಈ ಸಲ ದೂರು ಕೊಟ್ಟವನು ನಿಜಕ್ಕೂ ಪೂಜಾರಿ, ಎಲ್ಯೂಸಿಸ್‌ನ ಯೂರಿಮೆಡನ್ ಅಂತ ಒಂದು ಹೇಳಿಕೆ ಇದೆ. ಆರೋಪ ಅವನ ತತ್ವದ ಮೇಲೂ ಅಲ್ಲ, ಪ್ರಾಣಿಗಳನ್ನು ಸೀಳಿ ನೋಡಿದ್ದರ ಮೇಲೂ ಅಲ್ಲ. ಪರ್ಷಿಯನ್ನರು ಕೊಂದಿದ್ದ ತನ್ನ ಗೆಳೆಯ, ಹೆಂಡತಿಯ ಕಡೆಯ ಬಂಧು ಹರ್ಮಿಯಾಸ್‌ನ ನೆನಪಿಗೆ ಅವನು ಒಂದು ಹಾಡು ಕಟ್ಟಿದ್ದ. ಸತ್ತ ಮನುಷ್ಯನಿಗೆ ದೇವರ ಹಾಡು ಹಾಡಿಸಿದ ಅನ್ನುವುದು ಅವರು ಹುಡುಕಿ ತೆಗೆದ ಅಪರಾಧ. ಆ ಹಾಡಿಗೆ ಆಗಲೇ ಹದಿನೈದು ವರ್ಷಕ್ಕೂ ಜಾಸ್ತಿ ಆಗಿತ್ತು. ಅರಿಸ್ಟಾಟಲ್ ವಿಚಾರಣೆಗೆ ಕಾಯದೆ ಕಾಲ್ಕಿಸ್ ಅನ್ನುವ ಊರಿಗೆ ಹೊರಟುಹೋದ. ಮಾರನೇ ವರ್ಷ ಅಲ್ಲೇ ತೀರಿಕೊಂಡ.